ಭಟ್ಟರು ತೊಳೆದ ಕ್ಯಾನು

ನನ್ನ ಸಿಟ್ಟು ನಮ್ಮ ನೆಂಟರಲ್ಲೆಲ್ಲ ಪ್ರಸಿದ್ಧ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡಿದ್ದು ಒಂದೇ ಸಲ, ಅದೂ ಅಪ್ಪನಿಗಾಗಿ.

ಕಾರ್ಖಾನೆಯಿಂದ ಸ್ವಯಂನಿವೃತ್ತಿ ಪಡೆದ ಅಪ್ಪ ಚಾಮರಾಜಪೇಟೆಯ ನಮ್ಮ ಮನೆಯ ಹಿತ್ತಲಲ್ಲಿ, ಹಳೇ ಬಚ್ಚಲುಮನೆಯೊಳಗೆ, ಕರಿದ ಎಣ್ಣೆಯಿಂದ ಡೀಸೆಲ್ ಮಾಡಲು ಹೊರಟರು. ನಾನಾಗ ಕಾಲೇಜಿನಲ್ಲಿದ್ದೆ. ಜೈವಿಕ ಇಂಧನ ಎನ್ನುವ ಮಾತು ಆಗಷ್ಟೇ ಪೇಪರಿನಲ್ಲಿ ಕಾಣಿಸತೊಡಗಿತ್ತು. ಹೆಸರು ದೊಡ್ಡದು, ಪಾಡು ಮಾತ್ರ ನಾಯಿಪಾಡು. ಎಣ್ಣೆಗೆ ಬೆರೆಸುವ ಸ್ಪಿರಿಟ್ ಕೇಳಿದರೆ ಅಂಗಡಿಯವರು, "ಏನ್ ಸಾರ್, ಈ ವಯಸ್ಸಲ್ಲಿ ಕಳ್ಳಭಟ್ಟಿ ಕಾಯಿಸ್ತೀರಾ?" ಎಂದು ನಗುತ್ತಿದ್ದರು. ಹೋಟೆಲುಗಳಲ್ಲಿ ಮಿಕ್ಕ ಎಣ್ಣೆಯನ್ನು ಬಜ್ಜಿ ಗಾಡಿಯವರು ನಮಗಿಂತ ಮೊದಲೇ ಒಯ್ದಿರುತ್ತಿದ್ದರು. ಆ ಬಜ್ಜಿ ತಿಂದವರ ಹೊಟ್ಟೆಯ ಗತಿ ದೇವರೇ ಬಲ್ಲ.

ನಮ್ಮ ಕೈಹಿಡಿದವರು ಬಸವನಗುಡಿಯ ಒಂದು ಕಲ್ಯಾಣ ಮಂಟಪದ ಅಡುಗೆ ಭಟ್ಟರು ಮಾತ್ರ. ವಯಸ್ಸಾದವರು, ಮಡಿಯುಟ್ಟೇ ಒಲೆಯ ಮುಂದೆ ನಿಲ್ಲುವವರು. ಒಂದು ಮದುವೆಗೆ ಕರಿದ ಎಣ್ಣೆಯನ್ನು ಇನ್ನೊಂದಕ್ಕೆ ಮುಟ್ಟುತ್ತಿರಲಿಲ್ಲ. ಎಣ್ಣೆ ಬಂದ ತಗಡಿನ ಡಬ್ಬಕ್ಕೇ ಅದನ್ನು ತುಂಬಿಟ್ಟು, "ತಗೊಂಡ್ಹೋಗಿ ಸ್ವಾಮಿ, ಯಾರ್ದೋ ಹೊಟ್ಟೆ ಕೆಡಿಸೋದಕ್ಕಿಂತ ನಿಮ್ಮ ಇಂಜಿನ್ ಓಡ್ಲಿ" ಎನ್ನುತ್ತಿದ್ದರು.

ಆ ಎಣ್ಣೆಯಿಂದ ಅಪ್ಪ ಮಾಡಿದ ಡೀಸೆಲ್ ಮಂಟಪದ ಯಜಮಾನರಿಗೂ ಮೆಚ್ಚಿಗೆಯಾಯಿತು. "ಬರೋ ಮದುವೆಗೆ ಜನರೇಟರಿಗೆ ನಿಮ್ದೇ ಹಾಕಿ ನೋಡೋಣ. ಸರಿಹೋದ್ರೆ ಇನ್ಮೇಲೆ ನಿಮ್ಮ ಹತ್ರಾನೇ ತಗೋತೀವಿ" ಎಂದರು. ಕೆಲಸ ಬಿಟ್ಟ ಮೇಲೆ ಅಪ್ಪನನ್ನು ನೆಚ್ಚಿಕೊಂಡು ಯಾರೂ ಏನನ್ನೂ ಕೇಳಿರಲಿಲ್ಲ. ಮರುದಿನ ಅವರು ಗಡ್ಡ ಬೋಳಿಸಿ, ಇಸ್ತ್ರಿ ಅಂಗಿ ತೊಟ್ಟು ಬಚ್ಚಲುಮನೆಗೆ ಕೆಲಸಕ್ಕೆ ಹೋದರು. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ಮಂಟಪದ ಖಾಲಿ ಡಬ್ಬಗಳನ್ನೆಲ್ಲ ಗುಜರಿಯವನು ಒಯ್ಯತೊಡಗಿದ್ದ. ಅಪ್ಪ ನಮ್ಮದೇ ಪ್ಲಾಸ್ಟಿಕ್ ಕ್ಯಾನುಗಳನ್ನು ಭಟ್ಟರಿಗೆ ಕೊಟ್ಟುಬಂದು, ತುಂಬಿಸಿ ತಂದರು. ಎಣ್ಣೆಯಲ್ಲಿ ನೀರಿದ್ದರೆ ಅದು ಡೀಸೆಲ್ ಆಗದೆ ಸೋಪಾಗುತ್ತದೆ. ಅದಕ್ಕೇ ಮೊದಲು ಚೆನ್ನಾಗಿ ಕಾಯಿಸಿ ನೀರಿನ ಪಸೆ ಆರಿಸಬೇಕು. ಅವತ್ತು ಗ್ಯಾಸ್ ಮುಗಿಯುತ್ತ ಬಂದಿತ್ತು, ಬುಕ್ ಮಾಡಿದ ಸಿಲಿಂಡರ್ ಬಂದಿರಲಿಲ್ಲ, ಮದುವೆ ಮಾತ್ರ ಹತ್ತಿರವಾಗಿತ್ತು.

"ಭಟ್ಟರ ಎಣ್ಣೆ ತಾನೆ, ಬೆಚ್ಚಗಾದ್ರೆ ಸಾಕು" ಎಂದ ಅಪ್ಪ, ಸ್ಪಿರಿಟ್ ಬೆರೆಸಿ ರಾತ್ರಿ ಡ್ರಮ್ಮಿನಲ್ಲಿ ಮುಚ್ಚಿಟ್ಟರು.

ಬೆಳಿಗ್ಗೆ ಡ್ರಮ್ಮಿನ ಮುಚ್ಚಳ ತೆಗೆದರೆ ಒಳಗೆಲ್ಲ ಸೋಪಾಗಿ, ಗಂಜಿಯ ಹಾಗೆ ಬೆಳ್ಳಗೆ ಹೆಪ್ಪುಗಟ್ಟಿತ್ತು. ಅಪ್ಪ ಸೌಟು ಇಳಿಸಿದರು. ಅದು ಇಟ್ಟಲ್ಲೇ ನಿಂತಿತು. ಮತ್ತೆ ಮಾಡೋಣವೆಂದರೆ ಎಣ್ಣೆಯೂ ಇಲ್ಲ, ಸ್ಪಿರಿಟ್ಟೂ ಇಲ್ಲ.

ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಅವರು ಯಜಮಾನರ ಬಳಿಗೆ ಹೋದರು. "ನನ್ನ ಕೈಲಿ ಆಗ್ಲಿಲ್ಲ ಸಾರ್. ಹದ ತಪ್ಪಿಹೋಯ್ತು" ಎಂದರು.

"ಮದುವೆ ಮನೆ ಸ್ವಾಮಿ ಇದು. ಮುಹೂರ್ತದಲ್ಲಿ ಕರೆಂಟ್ ಹೋದ್ರೆ ಜನ ನನ್ನ ಸುಮ್ನೆ ಬಿಡ್ತಾರಾ? ಇದೆಲ್ಲ ಬೇಡ ಬಿಡಿ" ಎಂದರು ಯಜಮಾನರು. ಬೈದಿದ್ದರೆ ವಾಸಿಯಿತ್ತು. ಮೆತ್ತಗೆ ಹೇಳಿದರು.

ಉಳಿದ ಕ್ಯಾನು ತರಲು ಹಿಂದಿನ ಅಂಗಳಕ್ಕೆ ಹೋದೆವು. ಭಟ್ಟರು ನಲ್ಲಿಯ ಕೆಳಗೆ ಕ್ಯಾನು ಹಿಡಿದು, ನೀರು ತುಂಬಿಸಿ, ಕುಲುಕಿ ಚೆಲ್ಲುತ್ತಿದ್ದರು.

"ಹೊರಗಿನ ಕ್ಯಾನು ಅಲ್ವೇ? ಮಡಿ ಅಡುಗೆಮನೆಗೆ ನೀರು ಹಾಕ್ದೆ ತರಕ್ಕಾಗತ್ತಾ? ಮೊನ್ನೇನೂ ನಾನೇ ತೊಳೆದು, ಹಾಗೇ ಎಣ್ಣೆ ತುಂಬಿಸ್ದೆ. ನಿಮ್ಮ ಡೀಸೆಲ್ ಹೇಗ್ ಬಂತು?"

ಅಯ್ಯೋ ದೇವರೇ! ನನ್ನ ಮೈಯೆಲ್ಲ ಉರಿದುಹೋಯಿತು. ಬಾಯಿ ತೆರೆದೇಬಿಟ್ಟಿದ್ದೆ, ಅಪ್ಪ ನನ್ನ ಮಣಿಕಟ್ಟು ಹಿಡಿದರು.

"ನಾನೇ ನಿಲ್ಲಿಸ್ಬಿಟ್ಟೆ ಭಟ್ಟರೇ. ವಯಸ್ಸಾಯ್ತು, ನೋಡಿ."

"ಛೇ, ಎಂಥಾ ಕೆಲಸ ಆಯ್ತು! ನಮ್ಮ ಎಣ್ಣೇಲಿ ಏನಾದ್ರೂ ದೋಷ ಇತ್ತಾ?"

"ಏನೂ ಇರ್ಲಿಲ್ಲ. ಇಷ್ಟು ಶುದ್ಧವಾಗಿ ನಮಗೆ ಇನ್ಯಾರೂ ಕೊಡ್ಲಿಲ್ಲ."

ಭಟ್ಟರ ಮುಖ ಅರಳಿತು. ನಾನು ಕ್ಯಾನು ತೊಡೆಯ ಮೇಲಿಟ್ಟುಕೊಂಡು ಸ್ಕೂಟರ್ ಹತ್ತಿದೆ. ಅದರ ನೀರು ನನ್ನ ಚೂಡಿದಾರದ ಮೇಲೆಲ್ಲ ಇಳಿಯುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತಾಗ ತಡೆಯಲಾರದೆ, "ಯಾಕಪ್ಪಾ ಹೇಳ್ಲಿಲ್ಲ?" ಎಂದು ಕಿರುಚಿದೆ.

ಅಪ್ಪ ತಿರುಗಿ ನೋಡಲಿಲ್ಲ. "ನನ್ನ ಕೆಲಸ ಅಂತೂ ಹೋಯ್ತು. ಭಟ್ಟರದ್ದಾದ್ರೂ ಇರ್ಲಿ ಕಣೆ" ಎಂದರು.