ಗುರುವಿನ ಮಡದಿಗೆ ಎರಡು ಪುಟ

ಬೆಳಗಿನ ಐದೂವರೆ. ಭಿಕ್ಷುಗಳು ಪಾತ್ರೆ ಹಿಡಿದು ಹೊರಡುವ ಮೊದಲೇ ವಿಹಾರದ ಅಡುಗೆಮನೆ ಕಟ್ಟೆಯ ಮೇಲೆ ಬುವಾಲೈ ನೋಟ್‌ಬುಕ್ ಬಿಚ್ಚಿ ಕುಳಿತಾಗಿದೆ. ಎದುರಿಗೆ ಅಂಟಕ್ಕಿ ಬೇಯಿಸುತ್ತಿರುವ ಮುದುಕಿಯರು. ಕೈ ಕೆಲಸದಲ್ಲಿದ್ದರೆ ಹಳೆಯ ಸಂಗತಿಗಳು ಬಾಯಿಗೆ ತಾವಾಗಿ ಬರುತ್ತವೆ ಎಂಬುದು ಬುವಾಲೈ ಅವರ ಅನುಭವ.

"ಎದುರು ಕೂರಿಸಿ ಕೇಳಿದ್ರೆ ಬರೀ ಪವಾಡ ಹೇಳ್ತಾರೆ" ಎಂದು ನಗುತ್ತಾರೆ.

ಯಸೋಥೋನ್ ಪಟ್ಟಣದ ಸುತ್ತಮುತ್ತ ಹಿರಿಯ ಭಿಕ್ಷುವೊಬ್ಬರು ತೀರಿಕೊಂಡರೆ, ದಹನದ ದಿನ ಹಂಚುವ ಜೀವನಚರಿತ್ರೆಗಾಗಿ ಜನ ಹುಡುಕಿಕೊಂಡು ಬರುವುದು ಅರವತ್ತೆರಡರ ಈ ನಿವೃತ್ತ ಶಿಕ್ಷಕಿಯನ್ನೇ. ಇಪ್ಪತ್ತೇಳು ವರ್ಷ, ನಲವತ್ತೊಂದು ಪುಸ್ತಕ. ಯಾವುದರಲ್ಲೂ ಇವರ ಹೆಸರಿಲ್ಲ. 'ಶಿಷ್ಯವೃಂದ' ಎಂದಷ್ಟೇ ಅಚ್ಚಾಗುತ್ತದೆ.

ಕಳೆದ ವರ್ಷ ತೀರಿಕೊಂಡ ಗುರು ತೊಂಗ್‌ಸೈ ಅಜ್ಜಯ್ಯನ ಪುಸ್ತಕ ಬರೆಯುವಾಗ ಮಾತ್ರ ಇವರಿಗೆ ಊಟ ಸೇರಲಿಲ್ಲ. ತೊಂಬತ್ತೊಂದು ವರ್ಷ ಬಾಳಿದ ಅಜ್ಜಯ್ಯನನ್ನು ಬಾಲಬ್ರಹ್ಮಚಾರಿ ಎಂದೇ ಊರು ನಂಬಿತ್ತು. ಪಕ್ಕದ ಹಳ್ಳಿಯಲ್ಲಿ ಬೇರೆಯೇ ಸಂಗತಿ ಸಿಕ್ಕಿತು: ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ಅವರು ಬಸುರಿ ಹೆಂಡತಿ ಬುಂಪೇಂಗ್‌ಗೆ ಒಂದು ಮಾತೂ ಹೇಳದೆ ಹೋಗಿ ಕಾವಿ ತೊಟ್ಟಿದ್ದರು.

ಅಜ್ಜಯ್ಯನಿಗೆ ಎಳವೆಯಿಂದಲೇ ಸಂಸಾರದ ಮೇಲೆ ಮನಸ್ಸಿರಲಿಲ್ಲ ಎಂದು ಬರೆದುಬಿಡಿ ಅಂದರು ಅವರ ವಿಹಾರದ ಈಗಿನ ಹಿರಿಯ ಭಿಕ್ಷು. ಬುವಾಲೈಗೂ ಅಜ್ಜಯ್ಯನೆಂದರೆ ಪ್ರಾಣ; ಮಗನನ್ನು ಕಳೆದುಕೊಂಡು ಕಂಗೆಟ್ಟಿದ್ದಾಗ ಸಮಾಧಾನ ಹೇಳಿ ಎಬ್ಬಿಸಿ ನಿಲ್ಲಿಸಿದವರು ಅವರೇ. ಆದರೂ ಆ ಸಾಲು ಬರೆಯಲು ಕೈ ಏಳಲಿಲ್ಲ. ಚಾಪೆ ಹೆಣೆದು ಬದುಕುವ ಅಜ್ಜಯ್ಯನ ಮಗಳು ನುವಾನ್ ಮನೆಗೆ ಹೋದರು. ಬೇಡವೆಂದರೆ ಬರೆಯುವುದಿಲ್ಲ ಎಂದು ಮೊದಲೇ ಮಾತು ಕೊಟ್ಟರು.

ನುವಾನ್ ಹೆಣಿಗೆ ನಿಲ್ಲಿಸಲಿಲ್ಲ. "ಅವ್ವ ಸಾಯೋ ಹಿಂದಿನ ದಿನ ಅಪ್ಪ ಬಂದಿದ್ರು ತಂಗಿ. ಒಳಗೆ ಬಾ ಅಂತ ಅವ್ವ ಕರೀಲಿಲ್ಲ. ಹೋಗು ಅಂತಾನೂ ಅನ್ನಲಿಲ್ಲ. ಮೆಟ್ಟಿಲ ಬುಡದಲ್ಲಿ ಹೊತ್ತು ಮುಳುಗೋ ತನಕ ನಿಂತಿದ್ರು. ಬರಿ ನೀನು. ನಾನೇನು ಕದ್ದ ಮಾಲಾ, ಮುಚ್ಚಿಡೋಕೆ?"

ಬರೆದದ್ದನ್ನು ಬುವಾಲೈ ಹಿರಿಯ ಭಿಕ್ಷುವಿಗೆ ಓದಿ ಹೇಳಿದರು. ಅಜ್ಜಯ್ಯ ಹಾಗೆ ನಿಂತದ್ದು ಯಾವ ದಿನ ಎಂದು ಅವರು ಕೇಳಿದರು. ಮಾಘ ಹುಣ್ಣಿಮೆಯ ಮರುದಿನ ಎಂದರು ಬುವಾಲೈ.

"ಪ್ರತಿ ವರ್ಷ ಅವತ್ತು ಅಜ್ಜಯ್ಯ ಊಟ ಮಾಡ್ತಿರಲಿಲ್ಲಮ್ಮ" ಎಂದರು ಹಿರಿಯ ಭಿಕ್ಷು. "ಏನೋ ವ್ರತ ಅಂದ್ಕೊಂಡಿದ್ವಿ. ಅದನ್ನೂ ಸೇರಿಸಿ."

ಬುಂಪೇಂಗ್ ಬಗೆಗಿನ ಎರಡು ಪುಟ ಅಚ್ಚಾದವು. ದಹನದ ದಿನ ಕೆಲವರು ಪುಸ್ತಕ ಹಿಂತಿರುಗಿಸಿದರು. ಭಕ್ತರೊಬ್ಬರು ಬುವಾಲೈ ಎದುರಿಗೇ ಆ ಹಾಳೆ ಹರಿದರು. ಆಮೇಲೆ ಎರಡು ವಿಹಾರಗಳು ಇವರನ್ನು ಕರೆದಿಲ್ಲ. ಆದರೆ ಅದೇ ದಿನ ನುವಾನ್ ಮೊದಲ ಬಾರಿಗೆ ಮುಂದಿನ ಸಾಲಿನಲ್ಲಿ ಕುಳಿತರು, ಎಲ್ಲರಿಗಿಂತ ಮೊದಲು ಚಿತೆಗೆ ಹೂವಿಟ್ಟರು.

ಬೇಸರವಾಯಿತೇ ಎಂದರೆ ಬುವಾಲೈ ಇಲ್ಲವೆಂದು ತಲೆ ಅಲ್ಲಾಡಿಸುತ್ತಾರೆ. ಅಜ್ಜಯ್ಯನ ಪಟಕ್ಕೆ ಈಗಲೂ ದಿನಾ ಕೈ ಮುಗಿಯುತ್ತಾರಂತೆ. ಉಳಿದಿರುವ ಆಸೆ ಒಂದೇ.

"ಮನೆ ಬಿಟ್ಟು ಹೋದವರ ಕಥೆ ಬರೆದೂ ಬರೆದೂ ಬೆರಳು ಸವೆದಿದೆ. ಹಿಂದೆ ಉಳಿದವರದ್ದೂ ಒಂದು ಬರೀಬೇಕು. ತೆಳ್ಳಗಿದ್ರೂ ಸಾಕು."