ಹಿರಿಯ ಮಗಳ ಕೈನೀರು

ಇಸ್ಮೇ ಕಡ್ಜೋ ಹನ್ನೊಂದು ವರ್ಷ ಪ್ರವಾಸಿ ಹಡಗಿನಲ್ಲಿ ಹಾಸಿಗೆ ಹಾಸಿದವಳು. ಆ ಹಡಗಿನಲ್ಲಿ ಹಾಸುವುದೆಂದರೆ ಬರೀ ಹಾಸುವುದಲ್ಲ. ಚಾದರದ ಮೂಲೆಗಳನ್ನು ಲಕೋಟೆಯಂತೆ ಮಡಚಿ ಒಳಗೆ ತುರುಕಬೇಕು, ಟವೆಲಿನಲ್ಲಿ ಆನೆಯನ್ನೋ ಹಂಸವನ್ನೋ ಮಾಡಿ ದಿಂಬಿನ ಮೇಲೆ ಕೂರಿಸಬೇಕು, ಪ್ರಯಾಣಿಕರು ಎದುರಾದರೆ ಹಲ್ಲು ಕಾಣುವಂತೆ ನಗಬೇಕು. ವಾರಕ್ಕೊಮ್ಮೆ ಬಾರ್ಬಡೋಸಿನಲ್ಲಿ ಹಳೆಯ ಜನ ಇಳಿದು ಹೊಸ ಜನ ಹತ್ತುತ್ತಿದ್ದರು. ಬಂದವರು ಒಂದು ದಿನ ಹೊಟ್ಟೆ ಬಿರಿಯ ತಿಂದು, ಮರುದಿನ ಬಿಸಿಲಿಗೆ ಬೆಂದು, ಆಮೇಲೆ ಇಸ್ಮೇಯನ್ನು ಹೆಸರು ಹಿಡಿದು ಕರೆಯಲು ಶುರುಮಾಡುತ್ತಿದ್ದರು. ಇಳಿಯುವ ದಿನ ತಬ್ಬಿಕೊಂಡು, ಮೆಟ್ಟಿಲು ದಾಟುವಷ್ಟರಲ್ಲಿ ಮರೆತುಬಿಡುತ್ತಿದ್ದರು. ಅವಳಿಗೂ ಅವರ ಮುಖ ನೆನಪಿರುತ್ತಿರಲಿಲ್ಲ.

ಅವಳ ಊರು ಕರಿಯಾಕು, ಗ್ರೆನಡಾಕ್ಕೆ ಸೇರಿದ ಪುಟ್ಟ ದ್ವೀಪ. ತಾಯಿ ಲುಡ್ವಿನಾ ಅಲ್ಲಿ ಹಾಸಿಗೆ ಹಿಡಿದು ತೀರಿಕೊಂಡಾಗ ಹಡಗು ಆಂಟಿಗಾದ ಆಚೆ ನಡುನೀರಿನಲ್ಲಿತ್ತು. ಮಣ್ಣಿಗೆ ಹೋಗಲಾಗಲಿಲ್ಲ. ಆ ದಿನವೂ ಇಸ್ಮೇ ತನ್ನ ಪಾಲಿನ ಕೋಣೆಗಳನ್ನೆಲ್ಲ ಗುಡಿಸಿ, ದಿಂಬಿಗೊಂದರಂತೆ ಆನೆ ಮಾಡಿಟ್ಟಿದ್ದಳು. ಆ ಆನೆಗಳನ್ನು ನೆನೆದರೆ ಅವಳಿಗೆ ಈಗಲೂ ತನ್ನ ಮೇಲೆ ತನಗೇ ಹೇಸಿಗೆಯಾಗುತ್ತದೆ.

ಕರಿಯಾಕುವಿನಲ್ಲಿ ಹೂಳಿದ ಮಾತ್ರಕ್ಕೆ ಸಾವು ಮುಗಿಯುವುದಿಲ್ಲ. ಮನೆಯವರ ಕೈಯಲ್ಲಿ ದುಡ್ಡು ಕೂಡಿದಾಗ, ಮೂರೋ ನಾಲ್ಕೋ ವರ್ಷದ ಮೇಲೆ, ಗೋರಿಕಲ್ಲು ನಿಲ್ಲಿಸಿ ಊರಿಗೆಲ್ಲ ಊಟ ಹಾಕಬೇಕು. ಅಲ್ಲಿಯವರೆಗೆ ಸತ್ತವರು ಕನಸಿಗೆ ಬಂದು ಅದು ಕೊಡು, ಇದು ಕೊಡು ಎಂದು ಕೇಳುತ್ತಲೇ ಇರುತ್ತಾರೆ. ಲುಡ್ವಿನಾ ಬದುಕಿದ್ದಾಗ ಹಾಯಿದೋಣಿಗಿಂತ ದೊಡ್ಡದನ್ನು ಹತ್ತಿದವಳಲ್ಲ. ಆದರೂ ಸತ್ತ ಮೂರು ವರ್ಷಕ್ಕೆ, ಒಂದು ರಾತ್ರಿಯ ಕನಸಿನಲ್ಲಿ, ಹಡಗಿನ ತಳದಲ್ಲಿದ್ದ ಇಸ್ಮೇಯ ಕಿಟಕಿಯಿಲ್ಲದ ಕೋಣೆಗೆ ಹೇಗೋ ದಾರಿ ಹುಡುಕಿಕೊಂಡು ಬಂದಳು. ಮಂಚದ ಅಂಚಿನಲ್ಲಿ ಕೂತು, "ಬಾಯಾರ್ತಿದೆ ಕಣೇ," ಅಂದಳು.

ಬೆಳಿಗ್ಗೆ ಇಸ್ಮೇ ಇದನ್ನು ಮೇಲಿನ ಮಂಚದ ಮಾರ್ವಾಗೆ ಹೇಳಿದಳು. ಪಕ್ಕದ ದ್ವೀಪ ಸೇಂಟ್ ವಿನ್ಸೆಂಟಿನವಳಾದ ಮಾರ್ವಾ ನಗಲಿಲ್ಲ.

"ಮೊದಲು ಮನೆಗೆ ಫೋನ್ ಮಾಡು. ಅಮ್ಮಂದಿರು ಎರಡನೇ ಸಲ ಬಂದ್ರೆ ಬೈಯೋಕೇ ಬರ್ತಾರೆ," ಅಂದಳು.

ಮನೆಯಲ್ಲಿ ತಮ್ಮ ಕತ್‌ಬರ್ಟ್ ಆಗಲೇ ಎಲ್ಲ ನಿಶ್ಚಯಿಸಿದ್ದ. ಗ್ರೆನಡಾದ ರಾಜಧಾನಿ ಸೇಂಟ್ ಜಾರ್ಜಸ್‌ನಲ್ಲಿ ಕೆತ್ತಿಸಿದ ಕಲ್ಲನ್ನು ಬುಧವಾರ ತನ್ನ ಸರಕು ದೋಣಿಯಲ್ಲಿ ಊರಿಗೆ ಒಯ್ಯುವುದು, ಶನಿವಾರ ನಿಲ್ಲಿಸುವುದು. ಕಲ್ಲೆಂದರೆ ಸತ್ತವರೇ. ಅದು ಮನೆಯತ್ತ ಹೊರಡುವ ಮೊದಲು ಮಗನ ಕೈಯ ರಮ್ಮೂ ಹಿರಿಯ ಮಗಳ ಕೈಯ ನೀರೂ ಅದರ ಮೇಲೆ ಬೀಳಬೇಕು. ಹಡಗೂ ಬುಧವಾರವೇ ಸೇಂಟ್ ಜಾರ್ಜಸ್ ಮುಟ್ಟುತ್ತಿತ್ತು. ಒಂದಿಷ್ಟು ಬಿಡುವು ಸಿಕ್ಕರೆ ಧಕ್ಕೆಗೆ ಓಡಿ ನೀರು ಹುಯ್ದು ಬರಬಹುದಿತ್ತು. ಮಣ್ಣಂತೂ ಹಾಕಲಿಲ್ಲ, ನೀರಾದರೂ ಕೊಡೋಣ ಎಂದು ಇಸ್ಮೇ ಜೀವ ಹಿಡಿದುಕೊಂಡು ಕಾದಳು.

ಹಡಗು ಬಂದರಿನಲ್ಲಿ ನಿಂತಾಗಲೂ ಕೆಲಸದವರಲ್ಲಿ ಒಂದಷ್ಟು ಜನ ಕಾವಲಿಗೆಂದು ಉಳಿಯಬೇಕು. ಆ ವಾರದ ಸರದಿ ಇಸ್ಮೇಗೆ ಬಂತು. ಮೇಲ್ವಿಚಾರಕನ ಮುಂದೆ ನಿಂತು ಅಂಗಲಾಚಿದಳು. ಆತ ಕೆಟ್ಟವನೇನಲ್ಲ, ದಣಿದಿದ್ದ.

"ಈ ಹಡಗಲ್ಲಿ ಎಲ್ಲರಿಗೂ ಯಾರೋ ಒಬ್ಬರು ಸತ್ತಿರ್ತಾರೆ ಇಸ್ಮೇ," ಅಂದ.

ಬುಧವಾರ ಧಕ್ಕೆಯ ಮೇಲೆ ಎಂದಿನಂತೆ ಸ್ಟೀಲ್‌ಪ್ಯಾನ್ ಎಂಬ ಉಕ್ಕಿನ ವಾದ್ಯದವರು ಕುಣಿದಾಡಿ ಬಾರಿಸುತ್ತಿದ್ದರು. ಪ್ರಯಾಣಿಕರು ಇಳಿದು, ಜಾಯಿಕಾಯಿಯ ಹಾರಗಳನ್ನು ಕೊರಳಿಗೆ ಹಾಕಿಕೊಂಡು ವ್ಯಾನುಗಳಲ್ಲಿ ಜಲಪಾತ ನೋಡಲು ಹೋದರು. ಇಸ್ಮೇ ಸಮುದ್ರದ ಬದಿಯ ಒಂದು ಕೋಣೆ ಗುಡಿಸುತ್ತಿದ್ದಾಗ ಫೋನ್ ಬಂತು.

"ಅಕ್ಕಾ, ಇಳಿದ್ಯಾ?"

"ಬಿಡಲಿಲ್ಲ ಕಣೋ."

ಆ ಕಡೆ ಕತ್‌ಬರ್ಟ್ ದೋಣಿಯ ಇಂಜಿನ್ ಶುರುಮಾಡಿದ ಸದ್ದು ಕೇಳಿಸಿತು.

"ಯಾವ ಕಡೆ ಇದ್ದೀಯ?"

"ಸಮುದ್ರದ ಕಡೆ. ಬಾಲ್ಕನಿ ಇದೆ."

"ಅಲ್ಲೇ ಇರು. ಅಮ್ಮನ್ನ ನಾನೇ ಕರಕೊಂಡು ಬರ್ತೀನಿ. ರಮ್ ನಂದು, ನೀರು ನಿಂದು."

ಹಡಗಿನಿಂದ ಕಡಲಿಗೆ ಏನನ್ನೂ ಎಸೆಯಬಾರದು, ಎಸೆದವರಿಗೆ ಕೆಲಸವಿಲ್ಲ. ಬಾಲ್ಕನಿಗಳ ಸಾಲನ್ನು ಕ್ಯಾಮೆರಾ ನೋಡುತ್ತಲೇ ಇರುತ್ತದೆಂದು ಅವಳಿಗೆ ಗೊತ್ತಿತ್ತು. ಇಷ್ಟು ವರ್ಷದಲ್ಲಿ ಒಂದು ಬಾಳೆಹಣ್ಣಿನ ಸಿಪ್ಪೆಯನ್ನೂ ಎಸೆದವಳಲ್ಲ. ಲೋಟಕ್ಕೆ ನೀರು ತುಂಬಿಸಿ ಹೊರಗೆ ಹೋಗಿ ನಿಂತಳು.

ಕೋಟೆಯ ಮೂಲೆ ಬಳಸಿ ದೋಣಿ ಬಂತು. ಈರುಳ್ಳಿ ಚೀಲ, ಸಿಮೆಂಟ್ ಚೀಲಗಳ ನಡುವೆ ಬಿಳಿ ಚಾದರ ಹೊದ್ದು ಕಲ್ಲು ಮಲಗಿತ್ತು. ಕತ್‌ಬರ್ಟ್ ದೋಣಿಯ ವೇಗ ತಗ್ಗಿಸಿ, ಟೋಪಿ ತೆಗೆದು, ಚಾದರ ಸರಿಸಿ, ಕಲ್ಲಿನ ಮೇಲೆ ರಮ್ ಹುಯ್ದ. ಇಸ್ಮೇ "ಕುಡಿಯಮ್ಮ," ಎಂದು ನೀರು ಹುಯ್ದಳು. ಅಷ್ಟೆತ್ತರದಿಂದ ಬಿದ್ದ ನೀರನ್ನು ಗಾಳಿ ಚೆದುರಿಸಿ, ಉಳಿದದ್ದನ್ನು ಕತ್‌ಬರ್ಟನ ಬೋಳುತಲೆಯ ಮೇಲೆ ಸುರಿಯಿತು. ದೋಣಿಯವರು ನಕ್ಕುಬಿಟ್ಟರು.

"ಅಕ್ಕಾ, ಸತ್ತಿರೋದು ನಾನಲ್ಲ," ಎಂದು ಅವನು ಕೆಳಗಿನಿಂದ ಕೂಗಿದ.

ಆಮೇಲೆ ಅವನ ಮುಖ ಬದಲಾಯಿತು. ಎರಡೂ ಅಂಗೈಯಿಂದ ತಲೆಯ ನೀರನ್ನು ಬಳಿದುಕೊಂಡು, ಮಂಡಿಯೂರಿ, ಒದ್ದೆ ಕೈಗಳನ್ನು ತಾಯಿಯ ಹೆಸರಿನ ಮೇಲೆ ಒತ್ತಿ ಹಿಡಿದ. ದೋಣಿ ಉತ್ತರಕ್ಕೆ ತಿರುಗುವವರೆಗೂ ಕೈ ತೆಗೆಯಲಿಲ್ಲ.

ಹಡಗು ಬಂದರು ಬಿಡುವ ಮೊದಲೇ ಅವಳಿಗೆ ಕರೆ ಬಂತು.

"ಏನು ಎಸೆದೆ?" ಎಂದು ಭದ್ರತೆಯ ಅಧಿಕಾರಿ ಕೇಳಿದ.

"ನೀರು."

"ಯಾಕೆ?"

"ಅಮ್ಮನಿಗೆ ಬಾಯಾರಿತ್ತು ಸರ್."

ಆತ ಕಾಗದದ ಮೇಲೆ 'ನೀರು' ಎಂದಷ್ಟೇ ಬರೆದುಕೊಂಡ. ಆದರೂ ಶುಕ್ರವಾರ ಬಾರ್ಬಡೋಸಿನಲ್ಲಿ ಅವಳನ್ನು ಇಳಿಸಿಯೇ ಬಿಟ್ಟರು. ಈ ಸಲ ತಬ್ಬಿಕೊಂಡು ಬೀಳ್ಕೊಟ್ಟವಳು ಮಾರ್ವಾ ಒಬ್ಬಳೇ.

ಪುಟ್ಟ ವಿಮಾನವೊಂದನ್ನು ಹತ್ತಿ, ಸಂಜೆಗೆ ಇಸ್ಮೇ ಪೆಟ್ಟಿಗೆ ಹಿಡಿದು ಕರಿಯಾಕುವಿನ ಮನೆಯ ಬಾಗಿಲಲ್ಲಿದ್ದಳು. ಮುಂದಿನ ತಿಂಗಳು ಏನು ಗತಿ ಎಂಬ ಯೋಚನೆ ದಾರಿಯುದ್ದಕ್ಕೂ ಅವಳನ್ನು ಕಿತ್ತು ತಿಂದಿತ್ತು. ಒಳಗೆ ತಾಯಿಯ ಮಂಚದ ಮೇಲೇ ಕಲ್ಲನ್ನು ಮಲಗಿಸಿ ಮೋಂಬತ್ತಿ ಹಚ್ಚಿದ್ದರು. ಕತ್‌ಬರ್ಟ್ ಹೊದಿಸಿದ ಚಾದರ ಒಂದು ಕಡೆ ನೆಲಕ್ಕೆ ಜೋತಿತ್ತು. ಇಸ್ಮೇ ಏನೂ ಯೋಚಿಸದೆ ಅದನ್ನು ಎಳೆದು ಬಿಗಿಮಾಡಿ, ಮೂಲೆ ಮಡಚಿ, ಅಂಗೈಯಿಂದ ತೀಡಿದಳು.

ಮೂಲೆಯಲ್ಲಿ ಕೂತಿದ್ದ ಚಿಕ್ಕಮ್ಮ ಯೂಲಾಲಿ, ಕೊನೆಯವರೆಗೂ ಅಕ್ಕ ಲುಡ್ವಿನಾಳ ಆರೈಕೆ ಮಾಡಿದವಳು, ಅದನ್ನೇ ನೋಡುತ್ತಿದ್ದಳು.

"ಎಷ್ಟು ಚೆಂದ ಹಾಸ್ತೀಯೇ," ಅಂದಳು. "ಚಾದರ ಸುಕ್ಕಾಗಿ ಬೆನ್ನಿಗೆ ಒತ್ತುತ್ತೆ ಅಂತ ನಿಮ್ಮಮ್ಮ ಕೊನೇ ತಿಂಗಳು ಮಲಗ್ಲೇ ಇಲ್ಲ. ನಮಗ್ಯಾರಿಗೂ ಹೀಗೆ ಹಾಸೋಕೆ ಬರ್ತಿರಲಿಲ್ಲ."

ಕೆಲಸ ಹೋದಾಗ ಅಳದಿದ್ದ ಇಸ್ಮೇ ಮಂಚದ ಕಾಲು ಹಿಡಿದು ನೆಲಕ್ಕೆ ಕೂತು ಅತ್ತಳು. ಅತ್ತು ಮುಗಿದ ಮೇಲೆ ಎದ್ದು, ಮಂಚದ ಆಚೆ ಬದಿಗೆ ಹೋಗಿ, ಅಲ್ಲಿ ಉಳಿದಿದ್ದ ಸುಕ್ಕನ್ನೂ ತೀಡಿದಳು.