ಗೀಟೆಳೆಯದ ಶುಕ್ರವಾರ

ದೇಶವಿದೇಶದ ವ್ಯಾಪಾರಿಗಳ ವ್ಯಾಜ್ಯ ನಡೆಸುವ ಕಚೇರಿಗೆ ಕೀರ್ತಿ ಬರುವುದು ವಕೀಲರ ವಾದದಿಂದ ಎಂದು ಕಕ್ಷಿದಾರರು ನಂಬುತ್ತಾರೆ. ಜರ್ಮನಿಯ ಬ್ರೆಮೆನ್‌ನ ನಮ್ಮ ಕಚೇರಿಯ ಕೀರ್ತಿ ನಲವತ್ತೊಂದು ವರ್ಷ ನಿಂತದ್ದು ಗುಮಾಸ್ತೆ ಫ್ರಾವ್ (ಶ್ರೀಮತಿ) ವೀಬ್ಕೆ ಹಾರ್ಮ್ಸ್ ಅವರ ಗಡುವಿನ ಪುಸ್ತಕದ ಮೇಲೆ. ಯಾವ ಕಾಗದ ಯಾವ ದಿನದೊಳಗೆ ನ್ಯಾಯಾಲಯ ಸೇರಬೇಕೆಂದು ಅದರಲ್ಲಿ ಬರೆಯುತ್ತಿದ್ದವರೂ, ಸೇರಿದ ಮೇಲೆ ಕೆಂಪು ಗೀಟೆಳೆಯುತ್ತಿದ್ದವರೂ ಅವರೊಬ್ಬರೇ.

ಹದಿನೇಳನೆಯ ವಯಸ್ಸಿನಲ್ಲಿ ಕೆಲಸ ಕಲಿಯಲು ಬಂದವರು ಅವರು. ಆರು ವರ್ಷಗಳ ಹಿಂದೆ ನಾನು ಅನುವಾದಕಿಯಾಗಿ ಸೇರಿ, ಮೊದಲ ಒಪ್ಪಂದದಲ್ಲೇ ಒಂದು ದಿನಾಂಕ ತಪ್ಪಾಗಿ ಬರೆದಾಗ, ಯಾರಿಗೂ ಹೇಳದೆ ಪಕ್ಕದಲ್ಲಿ ಕೂರಿಸಿಕೊಂಡು ಅಷ್ಟೂ ಪುಟಗಳನ್ನು ನನ್ನಿಂದ ಗಟ್ಟಿಯಾಗಿ ಓದಿಸಿದರು. ಹಿರಿಯ ಪಾಲುದಾರರಾದ ಡಾ. ಫೋಲ್ಮರ್ಸ್ ಅವರಿಗೂ ಅವರಲ್ಲಿ ರಿಯಾಯಿತಿ ಇರಲಿಲ್ಲ.

"ಸಂಜೆ ಕಳಿಸ್ತೀನಿ, ಗೀಟೆಳೆದುಬಿಡಿ."

"ನಿಮ್ಮ ಸಂಜೆ ಯಾವ ತಿಂಗಳಲ್ಲಿ ಬರುತ್ತೋ ನಂಗೊತ್ತಿಲ್ಲ, ಡಾಕ್ಟರ್ರೇ. ಕೋರ್ಟಿನ ರಸೀದಿ ತನ್ನಿ."

ಫ್ರಾವ್ ಹಾರ್ಮ್ಸ್ ಅವರ ನಿವೃತ್ತಿಗೆಂದು ಕಚೇರಿ ತರುತ್ತಿರುವ ಈ ಅಭಿನಂದನಾ ಸಂಪುಟಕ್ಕೆ ಸಂಪಾದಕರು ಸಿಹಿ ನೆನಪುಗಳನ್ನು ಕೇಳಿದ್ದಾರೆ. ನನ್ನಲ್ಲಿರುವುದು ಇದು.

ಮೂರು ವರ್ಷಗಳ ಹಿಂದೆ, ಒಂದು ಸೋಮವಾರ, ಇದೇ ಕಚೇರಿಯ ವಕೀಲರಾಗಿದ್ದ ನನ್ನ ಪತಿ ಹೆನ್ನಿಂಗ್ ಬ್ರೆಜಿಲಿನ ಕಾಫಿ ಕಂಪನಿಯೊಂದರ ಮೇಲ್ಮನವಿಯನ್ನು ಬರೆದು ಮುಗಿಸಿದರು. ಫ್ರಾವ್ ಹಾರ್ಮ್ಸ್ ಕಡತವನ್ನು ನ್ಯಾಯಾಲಯಕ್ಕೆ ಸಲ್ಲಿಸಲೆಂದು ಡಾ. ಫೋಲ್ಮರ್ಸ್ ಅವರಿಗೆ ಒಪ್ಪಿಸಿ, ಪುಸ್ತಕದಲ್ಲಿ ಸಹಿ ಪಡೆದರು. ಬುಧವಾರ ಹೆನ್ನಿಂಗ್ ಸೈಕಲ್ಲಿನಿಂದ ಬಿದ್ದರು. ಹೃದಯ ನಿಂತಿತ್ತು. ಮೂವತ್ತನಾಲ್ಕು ವರ್ಷ.

ಗಡುವು ಶುಕ್ರವಾರ. ಬೆಳಿಗ್ಗೆ ಫ್ರಾವ್ ಹಾರ್ಮ್ಸ್ ಡಾ. ಫೋಲ್ಮರ್ಸ್ ಅವರನ್ನು ರಸೀದಿ ಕೇಳಿದರು.

"ಕಳಿಸಾಯ್ತು. ಹೆನ್ನಿಂಗ್ ತೀರ್ಕೊಂಡ ವಾರದಲ್ಲೂ ರಸೀದಿ ರಸೀದಿ ಅಂತೀರಲ್ಲ, ನಿಮಗೆ ಕರುಳೇ ಇಲ್ವಾ?"

ಅವರು ಗೀಟೆಳೆಯಲಿಲ್ಲ. ಮಧ್ಯಾಹ್ನ ನನ್ನ ಮನೆಗೆ ಬಂದರು. ನಾನು ಬುಧವಾರದಿಂದ ಏನೂ ತಿಂದಿರಲಿಲ್ಲ. ಆಲೂಗಡ್ಡೆ ಸುಲಿದು ಸೂಪ್ ಮಾಡಿ, ನಾನು ತಿನ್ನುವವರೆಗೂ ಎದುರಿಗೆ ಕುಳಿತಿದ್ದರು. ಆಗ ಆ ಕಡತ ಡಾ. ಫೋಲ್ಮರ್ಸ್ ಅವರ ಚೀಲದಲ್ಲೇ ಇತ್ತು.

ಗಡುವು ತಪ್ಪಿತು. ವಕೀಲನ ಹಠಾತ್ ಸಾವಿನಿಂದ ತಪ್ಪಿದರೆ ನ್ಯಾಯಾಲಯ ಮನ್ನಿಸಬಹುದು. ವಕೀಲನ ಉದಾಸೀನದಿಂದ ತಪ್ಪಿದರೆ ಮನ್ನಿಸದು. ಮರುವಾರ ಡಾ. ಫೋಲ್ಮರ್ಸ್ ಫ್ರಾವ್ ಹಾರ್ಮ್ಸ್ ಅವರ ಮುಂದೆ ಒಂದು ಪ್ರಮಾಣಪತ್ರ ಇಟ್ಟರು: ಕಡತ ಕೊನೆಯವರೆಗೂ ಹೆನ್ನಿಂಗ್ ಅವರ ಮೇಜಿನ ಮೇಲೆಯೇ ಇತ್ತು, ಮೇಲ್ಮನವಿ ಅರ್ಧಕ್ಕೇ ನಿಂತಿತ್ತು, ಎಂದು.

"ಸಹಿ ಹಾಕಿ. ಸತ್ತವನಿಗೆ ಇದ್ರಿಂದ ಏನು ನಷ್ಟ?"

"ಅವನ ಹೆಂಡ್ತಿ ಬದುಕಿದ್ದಾಳೆ, ಡಾಕ್ಟರ್ರೇ. ಹೋಗಿ ಅವಳನ್ನೇ ಕೇಳಿ."

"ಶುಕ್ರವಾರ ಮಧ್ಯಾಹ್ನ ನೀವು ಕುರ್ಚೀಲಿರ್ಲಿಲ್ಲ, ನೆನಪಿದೆಯಾ?"

"ಇರ್ಲಿಲ್ಲ. ಅದನ್ನ ಬರ್ಕೊಡ್ತೀನಿ. ಮಿಕ್ಕಿದ್ದನ್ನಲ್ಲ."

ಮೇಲ್ಮನವಿ ವಜಾ ಆಯಿತು. ಪುಸ್ತಕವನ್ನು ಅವರ ಕೈಯಿಂದ ಕಿತ್ತುಕೊಂಡು, ಅವರನ್ನು ನೆಲಮಾಳಿಗೆಯ ಹಳೆಯ ಕಡತಗಳ ನಡುವೆ ಕೂರಿಸಲಾಯಿತು. ಕಾಫಿ ಕಂಪನಿಗೆ ಬರೆದ ಪತ್ರ ಅನುವಾದಕ್ಕೆಂದು ನನ್ನ ಮೇಜಿಗೇ ಬಂತು. 'ನಮ್ಮ ದಿವಂಗತ ಸಹೋದ್ಯೋಗಿಯ ನಿರ್ಲಕ್ಷ್ಯದಿಂದ ಗಡುವು ತಪ್ಪಿತು' ಎಂದಿತ್ತು. ನಾನು ಅದನ್ನು ಪೋರ್ಚುಗೀಸಿಗೆ ಅನುವಾದಿಸಿ ಕೊಟ್ಟೆ. ಒಂದು ಪದವೂ ತಪ್ಪಿರಲಿಲ್ಲ. ಆಮೇಲೆ ನೆಲಮಾಳಿಗೆಗೆ ಇಳಿದು ಹೋಗಿ, ಇದು ನಿಜವೇ ಎಂದು ಫ್ರಾವ್ ಹಾರ್ಮ್ಸ್ ಅವರನ್ನು ಕೇಳಿದೆ. ಇಲ್ಲಿ ಬರೆದದ್ದೆಲ್ಲ ಅವರು ಅಂದು ಹೇಳಿದ್ದು.

ಈ ಸಂಪುಟದ ಮುನ್ನುಡಿ ಅವರ ನಿಷ್ಠೆಯನ್ನು ಮೂರು ಬಾರಿ ಹೊಗಳುತ್ತದೆ. ನೆಲಮಾಳಿಗೆಯನ್ನು ಒಮ್ಮೆಯೂ ಹೆಸರಿಸುವುದಿಲ್ಲ. ಯಾರಿಗೆ ನಿಷ್ಠೆ ಎಂಬುದನ್ನೂ ಹೇಳುವುದಿಲ್ಲ. ಸಹಿಯಿದ್ದ ಆ ಪುಸ್ತಕ ಎಲ್ಲಿದೆಯೆಂದು ಕೇಳಿದರೆ ಕಚೇರಿಯವರು ಸಿಗುತ್ತಿಲ್ಲ ಎನ್ನುತ್ತಾರೆ. ಪತ್ರವನ್ನು ಹಿಂತೆಗೆದುಕೊಳ್ಳಿರೆಂದು ನಾನು ಬರೆದ ನಾಲ್ಕು ಮನವಿಗಳಿಗೆ ಉತ್ತರವಿಲ್ಲ. ಇದು ಐದನೆಯದು. ಇದನ್ನು ಎಲ್ಲರೂ ಓದಲಿ.

ಫ್ರಾವ್ ಹಾರ್ಮ್ಸ್ ಅವರಿಗೆ ಗಟ್ಟಿಯಾದ ಆರೋಗ್ಯವಿರಲಿ, ಚುರುಕಾದ ನೆನಪಿರಲಿ, ನೂರು ವರ್ಷ ತುಂಬಲಿ. ಈ ಹಾರೈಕೆಯಲ್ಲಿ ನನ್ನ ಸ್ವಾರ್ಥವೂ ಇದೆ. ಸುಳ್ಳಿಗೆ ಕಚೇರಿಯ ಮೊಹರು ಇದೆ. ಹೆನ್ನಿಂಗ್ ಅವರ ಹೆಸರಿಗೆ ಸಾಕ್ಷಿಯಾಗಿ ಇರುವುದು ಫ್ರಾವ್ ಹಾರ್ಮ್ಸ್ ಒಬ್ಬರೇ.